20 ಸಾವಿರದೊಳಗೆ ದೊಡ್ಡ ಟಿವಿ: ನಮ್ಮ ಮನೆಯ ಲೆಕ್ಕ

ಹೊಸ ಟಿವಿಗೆ ಅಂತ ನಮ್ಮ ಹತ್ತಿರ ಇದ್ದದ್ದು 20,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅತ್ತೆಯ ಗೃಹಲಕ್ಷ್ಮಿ ದುಡ್ಡು. ತಿಂಗಳಿಗೆ 2,000ದಂತೆ ಬಂದದ್ದರಲ್ಲಿ ಒಂದಷ್ಟನ್ನು ಅವರು ಮುಟ್ಟದೆ ಇಟ್ಟಿದ್ದರು. ಉಳಿದದ್ದು ನನ್ನ ಚೀಟಿ ಹಣ. ದುಡ್ಡು ಅವರದು ಅಂದಮೇಲೆ ಮಾತೂ ಅವರದೇ ನಡೆಯಬೇಕು ಅಲ್ವಾ? "ಧಾರಾವಾಹಿಲಿ ಮುಖ ಚೆನ್ನಾಗಿ ಕಾಣ್ಬೇಕು ಕಣೇ, ಆಡೋ ಮಾತು ಕಿವಿಗೆ ಬೀಳ್ಬೇಕು. ಮಿಕ್ಕಿದ್ದು ನಿಮ್ಮಿಷ್ಟ" ಅಂದರು. ಮಿಕ್ಕಿದ್ದು ಅಂದರೆ ಇವರ ಕ್ರಿಕೆಟ್, ಮಗನ ಯೂಟ್ಯೂಬ್. ನಾವಿರುವುದು ಶಿವಮೊಗ್ಗದಲ್ಲಿ, ಬಾಡಿಗೆ ಮನೆ. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ.

ಅಂಗಡಿಗೆ ಹೋಗುವ ಮೊದಲು ಹಳೇ ಟಿವಿಯನ್ನೇ ಹಿಂದೆ ತಿರುಗಿಸಿ ನೋಡಿದೆ. 2014ರಲ್ಲಿ ತಗೊಂಡ 32 ಇಂಚಿನ ಎಲ್‌ಇಡಿ. ಡಿಶ್‌ನ ಬಾಕ್ಸ್ ಎಚ್‌ಡಿ, ಆದರೆ ಅದನ್ನು ಟಿವಿಗೆ ಸೇರಿಸಿದ್ದು ಕೆಂಪು, ಬಿಳಿ, ಹಳದಿ ಪಿನ್ನಿನ ವೈರಿನಲ್ಲಿ. ಬಾಕ್ಸ್ ಹಾಕಲು ಬಂದ ಹುಡುಗ ಕೈಗೆ ಸಿಕ್ಕಿದ್ದನ್ನು ಚುಚ್ಚಿ ಹೋಗಿದ್ದ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಬರುವುದೇ ಇಲ್ಲ. 200 ರೂಪಾಯಿ ಕೊಟ್ಟು ಎಚ್‌ಡಿಎಂಐ ಕೇಬಲ್ ತಂದು ಹಾಕಿದೆವು. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್, ಅಂದರೆ ಚಿತ್ರ ಎಷ್ಟು ಗೆರೆಗಳದ್ದು ಅನ್ನುವುದು, 576 ಅಂತ ಇದ್ದದ್ದನ್ನು 1080ಕ್ಕೆ ಬದಲಾಯಿಸಿದೆವು. ವಾರ್ತೆಯ ಕೆಳಗೆ ಓಡುವ ಅಕ್ಷರ ಅವತ್ತೇ ಸ್ವಚ್ಛವಾಗಿ ಕಂಡಿತು. "ಇಷ್ಟಕ್ಕೇ ಸಾಕಲ್ಲ, ಹೊಸದು ಯಾಕೆ?" ಅಂದರು ಇವರು.

ಅವರ ಮಾತೂ ನಿಜವೇ. ಟಿವಿ ಮಂಕಾಗಿದೆ ಅಂತ ಬದಲಾಯಿಸಲು ಹೊರಟವರು ದಯವಿಟ್ಟು ಮೊದಲು ಈ ವೈರು ನೋಡಿ. ಬಹಳ ಮನೆಗಳಲ್ಲಿ ಕಾಯಿಲೆ ಟಿವಿಗಲ್ಲ, ಅದಕ್ಕೆ ಹೋಗುವ ಸಿಗ್ನಲ್‌ಗೆ. ಹಾಗೇ ಬಿಟ್ಟು 50,000ದ ಟಿವಿ ತಂದರೂ ಕಾಣುವುದು ಅದೇ ಮಂಕು ಚಿತ್ರ, ಇನ್ನೂ ದೊಡ್ಡದಾಗಿ.

ನಮಗೆ ಉಳಿದದ್ದು ಗಾತ್ರದ ತೊಂದರೆ. ಸೋಫಾದಿಂದ ಗೋಡೆಗೆ 9 ಅಡಿ. ಅಷ್ಟು ದೂರಕ್ಕೆ 32 ಇಂಚು ಚಿಕ್ಕದು. ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ ಆದ್ದರಿಂದ ಸುಮ್ನೆ ಕೇಳಿದರೆ ಅಂದಾಜು ಸಿಗುವುದಿಲ್ಲ. 43 ಇಂಚಿನ ಪರದೆ ಸುಮಾರು 95 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ. ಹಳೇ ಪೇಪರ್‌ಗಳನ್ನು ಅಂಟಿಸಿ ಅಷ್ಟಗಲ ಕತ್ತರಿಸಿ ಗೋಡೆಗೆ ಟೇಪ್ ಹಾಕಿ ನಿಲ್ಲಿಸಿದೆ. 32ಕ್ಕೆ ಹೋಲಿಸಿದರೆ ಜಾಗ 80% ಜಾಸ್ತಿ. 50 ಇಂಚಿಗೂ ಹಾಗೇ ಮಾಡಿ ನೋಡಿದೆವು. ನಮ್ಮ ದುಡ್ಡಿಗೆ ಎಟುಕುವ 50ರಲ್ಲಿ ಬೇರೆ ಎಲ್ಲದಕ್ಕೂ ಕತ್ತರಿ ಬಿದ್ದಿರುತ್ತದೆ ಅನ್ನಿಸಿ 43ಕ್ಕೆ ನಿಂತೆವು.

ಮುಂದಿನದು 4ಕೆ, ಅಂದರೆ ಫುಲ್ ಎಚ್‌ಡಿಯ (1080ರ) ನಾಲ್ಕರಷ್ಟು ಚುಕ್ಕಿಗಳಿರುವ ಪರದೆ, ಬೇಕೇ ಅನ್ನುವ ಚರ್ಚೆ. ಮಗ ಬೇಕೇ ಬೇಕು ಅಂದ. ಒಳ್ಳೆಯ ಕಣ್ಣಿರುವವರಿಗೂ 43 ಇಂಚಿನ ಫುಲ್ ಎಚ್‌ಡಿಯಲ್ಲಿ ಚುಕ್ಕಿ ಬಿಡಿಬಿಡಿಯಾಗಿ ಕಾಣಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ನಾವು 9 ಅಡಿಯಲ್ಲಿ ಕೂರುವವರು. ಡಿಶ್‌ನಲ್ಲಿ ಬರುವ ನಮ್ಮ ಎಚ್‌ಡಿ ಚಾನೆಲ್‌ಗಳೂ 1080ರವೇ. ಹಾಗಾಗಿ ಫುಲ್ ಎಚ್‌ಡಿ ಸಾಕು ಅಂತ ತೀರ್ಮಾನಿಸಿದೆವು. ಹತ್ತಿರ ಕೂತು ಗೇಮ್ ಆಡುವವರು, ಕಂಪ್ಯೂಟರ್ ಜೋಡಿಸುವವರು 4ಕೆಗೇ ಹೋಗಲಿ. ದುಡ್ಡಿನ ವ್ಯತ್ಯಾಸ ಒಂದೆರಡು ಸಾವಿರ ಮಾತ್ರ ಇದ್ದು ಪರದೆಯೂ ಚೆನ್ನಾಗಿದ್ದರೆ ನಾನೂ ತಗೊಳ್ಳುತ್ತಿದ್ದೆ. ಎಚ್‌ಡಿಆರ್ (ಬೆಳಕು, ಕತ್ತಲೆಯ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ತೋರಿಸುವ ಚಿತ್ರ) ಅನ್ನುವ ಲೇಬಲ್‌ಗೆ ಮಾತ್ರ ನಾನು ಒಂದು ರೂಪಾಯಿಯನ್ನೂ ಜಾಸ್ತಿ ಕೊಡುವುದಿಲ್ಲ. ಈ ಬೆಲೆಯ ಟಿವಿಗಳು ಆ ಸಿಗ್ನಲ್ ತಗೊಳ್ಳುತ್ತವೆ, ಅಷ್ಟೇ. ಅದನ್ನು ಸರಿಯಾಗಿ ತೋರಿಸುವಷ್ಟು ಬೆಳಕು ಅವುಗಳಲ್ಲಿ ಇರುವುದಿಲ್ಲ.

ತಗೊಂಡದ್ದು 2025ರ ದಸರಾ ಸಮಯದಲ್ಲಿ. ಅಲ್ಲಿಯವರೆಗೆ ಕಾದದ್ದಕ್ಕೆ ಕಾರಣ ತೆರಿಗೆ. ಮೊದಲು 32 ಇಂಚಿನವರೆಗೆ 18% ಜಿಎಸ್‌ಟಿ, ಅದಕ್ಕಿಂತ ದೊಡ್ಡ ಟಿವಿಗೆ 28% ಇತ್ತು. ಬಡವರ ಮನೆಗಳಲ್ಲೆಲ್ಲ 32ರದ್ದೇ ಯಾಕೆ ಅನ್ನುವುದಕ್ಕೆ ಅದೂ ಒಂದು ಕಾರಣ. ಆ ವರ್ಷ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ 18% ಆಯಿತು. ನಮ್ಮ ಬಿಲ್ಲಿನಲ್ಲಿ ಟಿವಿಯ ಬೆಲೆ 15,500, ಕೇಂದ್ರದ ಜಿಎಸ್‌ಟಿ 1,395, ರಾಜ್ಯದ್ದು ಮತ್ತೆ 1,395, ಒಟ್ಟು 18,290. ಹಳೇ ತೆರಿಗೆಯಲ್ಲಿ ಅದೇ 19,840 ಆಗುತ್ತಿತ್ತು.

ಆನ್‌ಲೈನ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆಗೆ ಇತ್ತು. ಆದರೂ ದುರ್ಗಿಗುಡಿ, ನೆಹರು ರಸ್ತೆ ಕಡೆಯ ಅಂಗಡಿಗಳನ್ನು ಸುತ್ತಿದೆವು. ಪರದೆಯನ್ನು ಪಕ್ಕದಿಂದ ನೋಡಲೇಬೇಕಿತ್ತು. ನಮ್ಮ ಹಾಲಿನಲ್ಲಿ ಅತ್ತೆಯ ದಿವಾನ ಕಿಟಕಿ ಪಕ್ಕ ಓರೆಯಾಗಿದೆ. ಅವರು ಟಿವಿಯನ್ನು ಯಾವತ್ತೂ ಎದುರಿನಿಂದ ನೋಡುವುದಿಲ್ಲ.

ಅಂಗಡಿಯ ಟಿವಿಗಳಲ್ಲಿ ಓಡುವುದು ನವಿಲು, ಜಲಪಾತ, ಕತ್ತರಿಸಿದ ಹಣ್ಣು. ಅದರಲ್ಲಿ ಎಲ್ಲ ಟಿವಿಯೂ ಚೆಂದವೇ. ನಾನು ಪೆನ್‌ಡ್ರೈವ್‌ನಲ್ಲಿ ನಮ್ಮದೇ ವಿಡಿಯೊ ಹಾಕಿಕೊಂಡು ಹೋಗಿದ್ದೆ. ಸಂಜೆ ಬೆಳಕಿನಲ್ಲಿ ಅತ್ತೆ ಕಡು ಹಸಿರು ಸೀರೆ ಉಟ್ಟು ಹೂ ಕಟ್ಟುತ್ತಿರುವುದನ್ನು ಮಗ ಮೊಬೈಲ್‌ನಲ್ಲಿ ತೆಗೆದಿದ್ದ. ಅದನ್ನು ಹಾಕಿಸಿದ ಕೂಡಲೇ ನಿಜ ಗೊತ್ತಾಯಿತು. ಒಂದರಲ್ಲಿ ಅತ್ತೆ ಮುಖಕ್ಕೆ ಅರಿಶಿನ ಹಚ್ಚಿಕೊಂಡ ಹಾಗಿದ್ದರು. ಇನ್ನೊಂದರಲ್ಲಿ ಎದುರಿನಿಂದ ಸೀರೆಯ ನೆರಿಗೆ ಒಂದೊಂದೂ ಕಾಣುತ್ತಿತ್ತು, ಕಪ್ಪು ಕಪ್ಪಾಗಿಯೇ ಇತ್ತು. ಆದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಬಣ್ಣವೆಲ್ಲ ತೊಳೆದು ಹೋದಂತೆ. ಅದು ವಿಎ ಅನ್ನುವ ಬಗೆಯ ಪ್ಯಾನೆಲ್, ಅಂದರೆ ಪರದೆ. ಐಪಿಎಸ್ ಅನ್ನುವ ಇನ್ನೊಂದು ಬಗೆಯ ಪ್ಯಾನೆಲ್ ಇದ್ದದ್ದರಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಆದರೆ ಪಕ್ಕದಿಂದಲೂ ಮುಖ ಮುಖದ ಹಾಗೇ ಇತ್ತು. "ಅಕ್ಕಾ, ಎಲ್ಲಾ ಒಂದೇ ಪ್ಯಾನೆಲ್ಲು, ಇದ್ರಲ್ಲಿ ಎಐ ಪಿಕ್ಚರ್ ಇದೆ ನೋಡಿ" ಅಂದ ಅಂಗಡಿ ಹುಡುಗ. ಪ್ಯಾನೆಲ್ ಹೆಸರು ಅವನಿಗೆ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಪಕ್ಕಕ್ಕೆ ಹೋಗಿ ನಿಂತರೆ ಸಾಕು. ಎದುರಿಗೆ ಕೂತು ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರಿಗೆ ವಿಎ ಒಳ್ಳೆಯದು. ನಮ್ಮಲ್ಲಿ ದುಡ್ಡು ಹಾಕಿದವರು ದಿವಾನದ ಮೇಲೆ ಕೂರುತ್ತಾರೆ, ಐಪಿಎಸ್ ಗೆದ್ದಿತು.

ಬಡ್ಡಿ ಇಲ್ಲದ ಕಂತು ಅಂತ ಎಲ್ಲ ಕಡೆ ಕರೆದರು. ಅದರಲ್ಲಿ ಸಾಮಾನ್ಯವಾಗಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ರಿಯಾಯಿತಿ ಅಂತ ಮೊದಲೇ ಕಳೆದು ತೋರಿಸುತ್ತಾರೆ. ಕಾರ್ಡ್ ಆದರೆ ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೀಳುತ್ತದೆ, ಪ್ರೊಸೆಸಿಂಗ್ ಫೀ ಬೇರೆ. ಕೈಯಲ್ಲಿ ದುಡ್ಡಿತ್ತು, ಕೊಟ್ಟೆವು. ಬಿಲ್ ಬೇಡ ಅಂದರೆ ಇನ್ನಷ್ಟು ಬಿಡುತ್ತೇನೆ ಅಂದ ಕಡೆ ತಗೊಳ್ಳಲಿಲ್ಲ. ಪ್ಯಾನೆಲ್ ಹೋದರೆ ರಿಪೇರಿಗೆ ಹೊಸ ಟಿವಿಯ ಹತ್ತಿರ ಹತ್ತಿರ ದುಡ್ಡು ಕೇಳುತ್ತಾರೆ. ಬಿಲ್ ಇಲ್ಲದೆ ವಾರಂಟಿ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು?

ಮನೆಗೆ ಬಂದ ದಿನವೇ ಪರದೆ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿ ಚುಕ್ಕಿ, ಕಲೆ ಇದೆಯಾ ನೋಡಿದೆವು. ಕಪ್ಪು ಮಾಡಿದಾಗ ಲೈಟ್ ಆರಿಸಿ ನೋಡಬೇಕು, ಅಂಚಿನಲ್ಲಿ ಬೆಳಕು ಸೋರಿದರೆ ಆಗಲೇ ಕಾಣುವುದು. ಬದಲಿಸಿಕೊಡುವ ಅವಧಿ ಬಹಳ ಕಡಿಮೆ ಇರುತ್ತದೆ, ಆದ್ದರಿಂದ ಹಬ್ಬ ಮುಗಿಯಲಿ ಅಂತ ಡಬ್ಬಿ ಬಿಚ್ಚದೆ ಇಡಬೇಡಿ.

ಈಗಿನ ಟಿವಿಗಳಿಗೆ ಕಾಲು ನಡುವಿನಲ್ಲಿಲ್ಲ, ಎರಡು ತುದಿಗೆ. ನಮ್ಮ ಮೇಜು ಎರಡೂವರೆ ಅಡಿ, ಅಂದರೆ 76 ಸೆಂ.ಮೀ. ಕಾಲುಗಳ ಅಂತರ ಅದಕ್ಕಿಂತ ಜಾಸ್ತಿ ಅಂತ ಅಂಗಡಿಯಲ್ಲೇ ಟೇಪ್ ಹಿಡಿದು ನೋಡಿಕೊಂಡಿದ್ದೆ. ಬಡಗಿಯ ಹತ್ತಿರ ದಪ್ಪ ಪ್ಲೈವುಡ್ ತುಂಡು ಕೊಯ್ಯಿಸಿ ಮೇಜಿಗೆ ಸ್ಕ್ರೂ ಹಾಕಿಸಿದೆವು, 350 ರೂಪಾಯಿ. ಮನೆ ಮಾಲೀಕರ ಗೋಡೆ ಸುರಕ್ಷಿತ.

ಇನ್ನು ಸೆಟ್ಟಿಂಗ್ಸ್. ಅಗ್ಗದ ಟಿವಿಯಲ್ಲಿ ಅರ್ಧ ಕೆಲಸ ಇಲ್ಲೇ ಇದೆ. ಬಂದಾಗ ಪಿಕ್ಚರ್ ಮೋಡ್ ವಿವಿಡ್‌ನಲ್ಲಿತ್ತು, ಅಂಗಡಿಯ ಟ್ಯೂಬ್‌ಲೈಟ್‌ಗಳ ನಡುವೆ ಎದ್ದು ಕಾಣಲಿ ಅಂತ. ಮನೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಸಿನಿಮಾ ಮೋಡ್‌ಗೆ ಹಾಕಿ ಬ್ಯಾಕ್‌ಲೈಟ್ ಮಾತ್ರ ಏರಿಸಿದೆ. ಮೊದಲ ದಿನ "ಹಳದಿ ಹಳದಿ ಇದೆ" ಅಂದ ಅತ್ತೆ ಆಮೇಲೆ ಸುಮ್ಮನಾದರು. ಶಾರ್ಪ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಜಾಸ್ತಿ ಇದ್ದರೆ ಮುಖದ ಸುತ್ತ ಬಿಳಿ ಗೆರೆ ಬರುತ್ತದೆ, ಅದನ್ನೇ ಜನ ಕ್ಲಿಯರ್ ಅಂದುಕೊಳ್ಳುತ್ತಾರೆ. ಕ್ರಿಕೆಟ್ ಹಾಕಿದಾಗ ಕೆಳಗಿನ ಸ್ಕೋರ್ ಪಟ್ಟಿ ಅರ್ಧ ಕತ್ತರಿಸಿ ಹೋಗಿತ್ತು. ಟಿವಿ ಚಿತ್ರವನ್ನು ತಾನೇ ಸ್ವಲ್ಪ ಹಿಗ್ಗಿಸುತ್ತದೆ. ಸ್ಕ್ರೀನ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಆರಿಸಿದ ಮೇಲೆ ಪಟ್ಟಿ ಪೂರ್ತಿ ಬಂತು, ಚಿತ್ರವೂ ಇನ್ನಷ್ಟು ಸ್ವಚ್ಛವಾಯಿತು.

ಚಾನೆಲ್‌ಗಳಲ್ಲಿ ನಾವು ದಿನಾ ನೋಡುವ ಒಂದೆರಡನ್ನು ಮಾತ್ರ ಎಚ್‌ಡಿಗೆ ಬದಲಾಯಿಸಿ, ಅದೇ ಚಾನೆಲ್‌ನ ಸಾದಾ ಆವೃತ್ತಿಯನ್ನು ಪ್ಯಾಕ್‌ನಿಂದ ತೆಗೆಸಿದೆವು. ಇಲ್ಲದಿದ್ದರೆ ಒಂದೇ ಧಾರಾವಾಹಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ.

ಸದ್ದು ಮಾತ್ರ ಹಳೇ ಟಿವಿಗಿಂತ ಕೆಟ್ಟದ್ದು. ತೆಳ್ಳಗಿನ ಟಿವಿಯ ಸ್ಪೀಕರ್ ನೆಲ ನೋಡುತ್ತಿರುತ್ತದೆ. ಕಂಪ್ಯೂಟರ್‌ಗೆ ಅಂತ ತಗೊಂಡು ಅಟ್ಟಕ್ಕೆ ಹಾಕಿದ್ದ ಸ್ಪೀಕರ್ ಜೋಡಿಯನ್ನು ಇಳಿಸಿ ಹೆಡ್‌ಫೋನ್ ಜಾಕಿಗೆ ಸಿಕ್ಕಿಸಿದೆವು. ಒಂದನ್ನು ದಿವಾನದ ಕಡೆಗೆ ತಿರುಗಿಸಿ ಇಟ್ಟಿದ್ದೇವೆ. ವೈರಿಗೆ 120 ರೂಪಾಯಿ ಬಿತ್ತು. ಎಲ್ಲ ಸೇರಿ 18,960.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗೊತ್ತಲ್ಲ. ಸಿಡಿಲಿಗೆ ಹೋದ ಟಿವಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಮೋಡ ಕಟ್ಟಿ ಗುಡುಗುವ ಮೊದಲೇ ಪ್ಲಗ್ ಜೊತೆಗೆ ಬಾಕ್ಸಿಗೆ ಬರುವ ಡಿಶ್ ಕೇಬಲ್ ಕೂಡ ಬಿಚ್ಚುತ್ತೇವೆ. ಪ್ಲಗ್ ಒಂದನ್ನೇ ಕಿತ್ತರೆ ಸಾಲದು, ಮಾಡಿನ ಮೇಲಿನ ಡಿಶ್‌ನಿಂದಲೂ ಕರೆಂಟ್ ಒಳಗೆ ಬರುತ್ತದೆ.

ಹಳೇ 32ಕ್ಕೆ ಗುಜರಿಯವನು ಕೇಳಿದ ರೇಟು ಹೇಳಲು ನಾಚಿಕೆ. ಅದನ್ನು ನನ್ನ ತವರಿಗೆ ಕೊಟ್ಟೆ. ಅಲ್ಲಿ ಡಿಡಿ ಫ್ರೀ ಡಿಶ್ ಹಾಕಿಸಿದ್ದಾರೆ, ಡಿಶ್ ಮತ್ತು ಬಾಕ್ಸಿಗೆ ಒಂದು ಸಲ ಕೊಟ್ಟರೆ ಆಯಿತು, ತಿಂಗಳ ರೀಚಾರ್ಜ್ ಇಲ್ಲ. ಅಪ್ಪನಿಗೆ ಚಂದನದ ವಾರ್ತೆ ಬಂದರೆ ಸಾಕು. ಅವರ ಕುರ್ಚಿ ಟಿವಿಯಿಂದ ಐದಡಿ ದೂರ, ಅಷ್ಟಕ್ಕೆ 32 ಇಂಚು ಧಾರಾಳವಾಯಿತು.