ಜಾಸ್ತಿ ಬಂದ ದುಡ್ಡನ್ನೂ ಹುಡುಕಿಸಿ: ಸೊಸೈಟಿಯ ಹೊಸ ಅಧ್ಯಕ್ಷರಿಗೆ

1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಗದಗ ಸೀಮೆಯವನು ನಾನು. ಸೊಸೈಟಿಯ ಕಾರ್ಯದರ್ಶಿ ಕೆಲಸದಲ್ಲೇ ಕೂದಲು ಬೆಳ್ಳಗಾಯಿತು. ನಮ್ಮ ಕಡೆಯ ಸೊಸೈಟಿಗಳಲ್ಲಿ ಬಸವಣ್ಣನವರ ಫೋಟೋ, ಅದರ ಕೆಳಗೆ ‘ಕಾಯಕವೇ ಕೈಲಾಸ’ ಇದ್ದೇ ಇರುತ್ತದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಇರಲಿ. ಗೋಡೆಯಿಂದ ಅದನ್ನು ದಿನದ ಜಮಾ-ಖರ್ಚು ಬರೆಯುವ ರೋಕಡ ವಹಿಗೆ ಇಳಿಸುವುದು ಹೇಗೆ?

ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಜಾಸ್ತಿ ತಂದ. ‘ಇಷ್ಟು ನಮಗ್ಯಾಕೆ? ಅಲ್ಲೇ ಸುರಿದು ಬಾ’ ಎಂದಳು ಹೆಂಡತಿ ಲಕ್ಕಮ್ಮ. ಅವನು ಸುಮ್ನೆ ವಾಪಸ್ ಹೋದ.

ಈಗ ಸಂಜೆ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ನಗದು, ಎಣಿಸುವುದನ್ನು ನೋಡಿ. 500 ರೂಪಾಯಿ ಕಡಿಮೆ ಬಿದ್ದರೆ ಕ್ಯಾಷಿಯರ್ ರಾತ್ರಿವರೆಗೆ ಹುಡುಕುತ್ತಾನೆ. 500 ಜಾಸ್ತಿ ಬಂದರೆ? ‘ನಾಳೆ ಕಡಿಮೆ ಬಿದ್ದರೆ ಬೇಕಾಗುತ್ತೆ’ ಅಂತ ಡ್ರಾಯರ್ ಮೂಲೆ ಸೇರುತ್ತದೆ. ಸಂಘ ಕೆಡುವುದು ಅಲ್ಲಿಂದಲೇ. ಜಾಸ್ತಿ ಬಂದ ದಿನವೂ ರಸೀದಿ, ವೋಚರ್ ಒಂದೊಂದನ್ನೇ ತಾಳೆ ನೋಡಿಸಿ. ಎಷ್ಟೋ ಸಲ ಯಾರದೋ ಕಂತಿಗೆ ರಸೀದಿ ಹರಿಯುವುದೇ ಮರೆತಿರುತ್ತದೆ. ಸಿಗಲಿಲ್ಲವೋ, ಅವತ್ತೇ ಅನಾಮತ್ತು ಖಾತೆಗೆ (ಯಾರದೆಂದು ಗೊತ್ತಾಗುವವರೆಗೆ ದುಡ್ಡು ಇಡುವ ಖಾತೆಗೆ) ಜಮಾ ಮಾಡಿಸಿ, ಕಾರಣ ಬರೆಸಿ, ನೀವೂ ಸಹಿ ಹಾಕಿ. ‘ಇದ್ಯಾಕೆ ಸರ್ ಜಾಸ್ತಿ?’ ಎಂದು ಸಿಪಾಯಿ ಕೇಳಿದರೂ ಮುಖ ಸಿಂಡರಿಸಬೇಡಿ. ಲಕ್ಕಮ್ಮ ಕೇಳಿದ್ದೂ ಅಷ್ಟೇ ಅಲ್ವಾ?

ಸಾಲದ ಅರ್ಜಿಗೆ ಬಂದ ದಿನವೇ ನಂಬರ್ ಬೀಳಲಿ. ನಿರ್ದೇಶಕರ ಅಳಿಯನ ಅರ್ಜಿ ಚರ್ಚೆಗೆ ಬಂದಾಗ ಆ ನಿರ್ದೇಶಕರು ಹೊರಗೆ ಹೋಗಲಿ, ಹೋದದ್ದು ನಡಾವಳಿಯಲ್ಲಿ ಬರಲಿ. ನಿಮ್ಮ ತಮ್ಮನದೇ ಬಂದರೆ ಉಪಾಧ್ಯಕ್ಷರಿಗೆ ಕುರ್ಚಿ ಬಿಟ್ಟು ಎದ್ದುಬಿಡಿ. ನೀವು ಏಳದಿದ್ದರೆ ಮುಂದೆ ಯಾರೂ ಏಳುವುದಿಲ್ಲ.

ಸಂಘದ ದುಡ್ಡಿನಲ್ಲಿ ಜಾತ್ರೆಗೆ ಊಟ ಹಾಕಿಸಿ, ಬ್ಯಾನರ್ ಮೇಲೆ ನಿಮ್ಮ ಫೋಟೋ ಹಾಕಿಸಿಕೊಂಡರೆ ಅದು ದಾಸೋಹ ಅಲ್ಲ, ಪ್ರಚಾರ. ದಾಸೋಹಕ್ಕೆ ನಿಮ್ಮ ಜೇಬಿದೆ.

ಶರಣರ ಹೆಸರು ಹೇಳಿಕೊಂಡು ಒಂದೇ ಜಾತಿಯವರನ್ನು ಸುತ್ತ ಕೂರಿಸಿಕೊಳ್ಳಬೇಡಿ. ಶರಣರ ಕೂಟದಲ್ಲಿ ಮಡಿವಾಳ ಮಾಚಯ್ಯನೂ ಇದ್ದ, ಅಂಬಿಗರ ಚೌಡಯ್ಯನೂ ಇದ್ದ. ಮಹಾಸಭೆಯಲ್ಲಿ ಹಿಂದೆ ಕೂತ ಹೆಣ್ಣುಮಕ್ಕಳಿಗೆ ಮೊದಲು ಮೈಕ್ ಕೊಡಿ. ಸುಸ್ತಿದಾರರ ಪಟ್ಟಿ ಓದುವುದಿದ್ದರೆ ದೊಡ್ಡ ಮೊತ್ತದಿಂದ ಶುರು ಮಾಡಿಸಿ. ಸಣ್ಣ ರೈತರ ಹೆಸರು ಮೊದಲು ಕೂಗಿ, ದೊಡ್ಡವರ ಹೆಸರು ಬರುವಷ್ಟರಲ್ಲಿ ‘ಊಟಕ್ಕೆ ಏಳಿ’ ಅನ್ನುವ ಆಟ ಎಲ್ಲರಿಗೂ ಗೊತ್ತು.