ಹಳೆ ಮಾರುತಿ 800 ಮಿಸ್ ಹೊಡೆಯುತ್ತಿದ್ದರೆ ಮೊದಲು ಪ್ಲಗ್ ಬಿಚ್ಚಿ ನೋಡಿ

ಹಳೆ ಕಾರು ಮಿಸ್ ಹೊಡೆಯೋಕೆ (ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸೋಕೆ) ಶುರುವಾದರೆ ಎಲ್ಲರೂ ಹೇಳೋದು ಒಂದೇ ಮಾತು: "ಪ್ಲಗ್ ಚೇಂಜ್ ಮಾಡ್ಸಿ". ಮಾಡಿಸಿ, ಬೇಡ ಅನ್ನಲ್ಲ. ಆದರೆ ಹಳೆ ಪ್ಲಗ್ (ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್) ಬಿಸಾಕುವ ಮುಂಚೆ ಬೆಳಕಿಗೆ ಹಿಡಿದು ಅದರ ತುದಿ ಸರಿಯಾಗಿ ನೋಡಿ. ಎಂಜಿನ್ ಒಳಗೆ ಏನಾಗ್ತಿದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಹೊಸ ಪ್ಲಗ್ ಹಾಕಿಸಿದ ಮೇಲೆ ಆ ಸುಳಿವು ಸಿಗಲ್ಲ.

ನನ್ನದು ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ಅಪ್ಪ ಓಡಿಸಿದ ಗಾಡಿ, ಮಾರೋ ಮಾತೇ ಇಲ್ಲ. ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತಾಗ ಸಣ್ಣ ನಡುಕ. ಫ್ಲೈಓವರ್ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗಕ್ ಗಕ್ ಅಂತ ಜರ್ಕ್, ಪಿಕಪ್ಪೇ ಇಲ್ಲ. ಮಳೆ ಬಂದ ಬೆಳಿಗ್ಗೆ ಇನ್ನೂ ಜಾಸ್ತಿ.

ಲೋಡ್ ಬಿದ್ದಾಗ ಜಾಸ್ತಿ, ತೇವ ಇದ್ದಾಗ ಜಾಸ್ತಿ. ಈ ಎರಡೂ ಸೇರಿದರೆ ನನ್ನ ಅನುಮಾನ ಮೊದಲು ಹೋಗೋದು ಕರೆಂಟ್ ಕಡೆಗೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಬೇಕಾದರೆ ಜಾಸ್ತಿ ವೋಲ್ಟೇಜ್ ಬೇಕು, ಪ್ಲಗ್ ವೈರ್‌ನಲ್ಲೋ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್‌ನಲ್ಲೋ ಕೂದಲೆಳೆಯಷ್ಟು ಬಿರುಕು ಇದ್ದರೂ ಕರೆಂಟ್ ಸುಲಭದ ದಾರಿ ಹಿಡಿದು ಅಲ್ಲಿಂದಲೇ ಹೊರಗೆ ಹೋಗಿಬಿಡುತ್ತದೆ. ಐಡ್ಲಿಂಗ್‌ನಲ್ಲಿ ಮಾತ್ರ ನಡುಗಿ ಓಡುವಾಗ ಸರಿಹೋಗುವ ಗಾಡಿಯಾದರೆ ನಾನು ವ್ಯಾಕ್ಯೂಮ್ ಪೈಪು, ಐಡಲ್ ಜೆಟ್ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಕಾರ್ಬುರೇಟರ್‌ನ ಸಣ್ಣ ತೂತು) ಮೊದಲು ನೋಡುತ್ತೇನೆ.

ಮನೆ ಹತ್ತಿರದ ಗ್ಯಾರೇಜಿನಲ್ಲಿ "ಕಾರ್ಬುರೇಟರ್ ಬಿಚ್ಚಬೇಕು ಸಾರ್" ಅಂದರು. ಬೇಡ, ಒಂದ್ಸಲ ಪ್ಲಗ್ ನೋಡ್ತೀನಿ ಅಂತ ಹೇಳಿ ಬಂದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹೆಡ್ ಅಲ್ಯೂಮಿನಿಯಂದು, ಬಿಸಿ ಇದ್ದಾಗ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ಸುತ್ತಲಿನ ಧೂಳು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೇ ಬೀಳುತ್ತದೆ. ಎಳೆಯುವಾಗ ವೈರ್ ಅಲ್ಲ, ಅದರ ತುದಿಯ ರಬ್ಬರ್ ಬೂಟ್ ಹಿಡಿಯಬೇಕು.

ಮೂರನ್ನೂ ಪೇಪರ್ ಮೇಲೆ ಸಾಲಾಗಿ ಇಟ್ಟೆ. ಒಂದು ಮತ್ತು ಮೂರರ ತುದಿ ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಟೀ ಬಣ್ಣ. ಅಂಚಿನಲ್ಲಿ ತೆಳುವಾಗಿ ಮಸಿ. ಎರಡನೆಯದು ಕಪ್ಪು, ಒದ್ದೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ, ಉಜ್ಜಿದರೆ ಬೆರಳಿಗೆ ಆಯಿಲ್ ಜಿಡ್ಡಿಲ್ಲ. ಜಿಡ್ಡು ಇದ್ದಿದ್ದರೆ ಆಯಿಲ್ ಸಿಲಿಂಡರ್ ಒಳಗೆ ಬರದಂತೆ ತಡೆಯುವ ರಿಂಗ್, ವಾಲ್ವ್ ಸೀಲ್ ಕಡೆ ನೋಡಬೇಕಿತ್ತು. ಇಲ್ಲಿ ಪೆಟ್ರೋಲ್ ಬರ್ತಿದೆ, ಉರೀತಿಲ್ಲ, ಅಷ್ಟೇ. ಕಾರ್ಬುರೇಟರ್ ಒಂದೇ, ಮೂರಕ್ಕೂ ಅದೇ ಪೆಟ್ರೋಲ್ ಕೊಡುತ್ತದೆ. ತಪ್ಪು ಅದರದ್ದಾಗಿದ್ದರೆ ಮೂರೂ ಕಪ್ಪಗಿರಬೇಕಿತ್ತು, ಅಲ್ವಾ?

ಎರಡರ ಪ್ಲಗ್ ಕ್ಲೀನ್ ಮಾಡಿ ಒಂದಕ್ಕೆ ಹಾಕಿದೆ, ಒಂದರದ್ದನ್ನು ಎರಡಕ್ಕೆ. ಓಡಿಸಿ ಬಂದು ಬಿಚ್ಚಿದರೆ ಮತ್ತೆ ಎರಡೇ ಒದ್ದೆ. ಅಂದರೆ ಪ್ಲಗ್‌ದು ತಪ್ಪಲ್ಲ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಆನ್ ಇಟ್ಟು, ಬಟ್ಟೆಗೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ವೈರ್‌ಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿದೆ (ಕೈ ದೂರ ಇರಲಿ, ಯಾವುದನ್ನೂ ಮುಟ್ಟಬೇಡಿ). ಎರಡನೇ ವೈರ್‌ನ ಬೂಟ್‌ನಿಂದ ಹೆಡ್‌ಗೆ ಚಟ್ ಚಟ್ ಅಂತ ನೀಲಿ ಕಿಡಿ. ಬೆಳಿಗ್ಗೆ ಆ ಬೂಟ್ ಬಗ್ಗಿಸಿ ನೋಡಿದರೆ ರಬ್ಬರ್ ಸೀಳಿತ್ತು. ಸುಮ್ಮನೆ ನೋಡಿದರೆ ಕಾಣುವ ಸೀಳಲ್ಲ ಅದು.

ಒಂದು ಹೋದರೆ ಉಳಿದವೂ ಅಷ್ಟೇ ಹಳೆಯವು. ವೈರ್ ಸೆಟ್ ಪೂರ್ತಿ ತರೋಣ, ಜೊತೆಗೆ ಪ್ಲಗ್ ಕೂಡ, ಅಂತ ಬೆಂಗಳೂರಿನ ಜೆ.ಸಿ. ರೋಡಿಗೆ (ಗಾಡಿ ಬಿಡಿಭಾಗದ ಅಂಗಡಿಗಳ ಬೀದಿ) ಹೋದೆ. ಅಂಗಡಿಯವರು ಇರಿಡಿಯಂ ತೋರಿಸಿ "ಇದು ಹಾಕಿ ಸಾರ್, ಪಿಕಪ್ ಜಾಸ್ತಿ" ಅಂದರು. ಇರಿಡಿಯಂ ಒಳ್ಳೆಯದೇ, ಬಾಳಿಕೆ ಜಾಸ್ತಿ. ಆದರೆ ಪಿಕಪ್‌ಗೋಸ್ಕರ ಅಷ್ಟು ದುಡ್ಡು ಕೊಡಬೇಡಿ. ಇಂಥ ಹಳೆ ಎಂಜಿನ್‌ಗೆ ಸಾದಾ ಕಾಪರ್ ಪ್ಲಗ್ ಸಾಕು.

ನಂಬರ್ ವಿಷಯದಲ್ಲಿ ಮಾತ್ರ ಹುಷಾರು. ಬಿಪಿಆರ್6ಇಎಸ್ ಅಂತ ಇದ್ದರೆ ಬಿ ಅಂದರೆ 14 ಮಿ.ಮೀ. ಥ್ರೆಡ್, ಆರ್ ಅಂದರೆ ಒಳಗೆ ರೆಸಿಸ್ಟರ್, ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ., ಮಧ್ಯದ 6 ಹೀಟ್ ರೇಂಜ್, ಅಂದರೆ ತುದಿಯ ಶಾಖ ಎಷ್ಟು ಬೇಗ ಇಳಿಯುತ್ತದೆ ಅನ್ನೋದು. ಇದು ಎನ್‌ಜಿಕೆ ಕಂಪನಿಯ ನಂಬರ್, ಅದರಲ್ಲಿ ಈ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್‌ನಲ್ಲಿ ಪೂರಾ ಉಲ್ಟಾ, ಏರಿದಷ್ಟೂ ಹಾಟ್. (ನಮ್ಮ ಊರಿನ ಹಿರಿಯರು ಇನ್ನೂ ಮೈಕೋ ಪ್ಲಗ್ ಅನ್ನೋದು ಇದನ್ನೇ, ಆಡುಗೋಡಿಯ ಮೈಕೋ ಕಂಪನಿಯ ಹೆಸರು ಬಾಷ್ ಅಂತ ಬದಲಾಗಿದ್ದು 2008ರಲ್ಲಿ.) ಹಾಗಾಗಿ ಕಂಪನಿ ಬದಲಿಸುವಾಗ ಅಂಕಿ ಹೋಲಿಸಬೇಡಿ, ಗಾಡಿ ಪುಸ್ತಕದಲ್ಲಿ ಕೊಟ್ಟ ನಂಬರೇ ಕೇಳಿ.

ಹಾಟ್ ಅಂದರೆ ಕಿಡಿ ಬಿಸಿ ಅಂತಲ್ಲ, ತುದಿಯ ಶಾಖ ನಿಧಾನವಾಗಿ ಹೆಡ್‌ಗೆ ಇಳಿಯುತ್ತದೆ ಅಂತ. ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನೇ ಸುಡುತ್ತದೆ. 870 ದಾಟಿದರೆ ಕಿಡಿಗೂ ಮುಂಚೆ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ಅಪಾಯ. ನಮ್ಮ ಊರಿನ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಆ 450 ಮುಟ್ಟೋದೇ ಕಷ್ಟ. ಅದರ ಮೇಲೆ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಕಾರ್ಬುರೇಟರ್ ಗಾಡಿಗೆ ಮಿಕ್ಸ್ಚರ್ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ. ಅಂಚಿನಲ್ಲಿ ತೆಳು ಮಸಿ ಇದ್ದರೆ ಗಾಬರಿಯಾಗಬೇಡಿ. ಅದಕ್ಕೋಸ್ಕರ ಹಾಟ್ ಪ್ಲಗ್ ಹಾಕುವ ಬದಲು ಏರ್ ಫಿಲ್ಟರ್ ಬದಲಿಸಿ, ಚೋಕ್ (ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ಬಿಡ್ತಿದೆಯಾ ನೋಡಿ, ವಾರಕ್ಕೊಮ್ಮೆ ಹೈವೇ ಕಡೆ ಬಿಡಿ.

ಹೊಸ ಪ್ಲಗ್ ಆದರೂ ತುದಿಯ ಗ್ಯಾಪ್ (ಕಿಡಿ ಹಾರುವ ಸಂದು) ಫೀಲರ್ ಗೇಜ್‌ನಲ್ಲಿ ಅಳೆದೇ ಹಾಕಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಕೈಯಲ್ಲೇ ಕೊನೆತನಕ ತಿರುಗಿಸಿ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ನೇರ ಕೂರಿಸಿ. ವಾಷರ್ ತಾಗಿದ ಮೇಲೆ ಸ್ಪಾನರ್‌ನಲ್ಲಿ ಅರ್ಧ ಸುತ್ತು ಸಾಕು. ಹಳೆಯದನ್ನೇ ವಾಪಸ್ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಇನ್ನೂ ಕಡಿಮೆ.

ವೈರ್ ಬದಲಿಸಿದ ದಿನವೇ ಜರ್ಕ್ ಹೋಯಿತು, ಕಾರ್ಬುರೇಟರ್ ಮುಟ್ಟಲೇ ಇಲ್ಲ. ಒಂದು, ಮೂರರ ಹಳೆ ಪ್ಲಗ್ ಇನ್ನೂ ಚೆನ್ನಾಗಿದ್ದವು. ಅವನ್ನು ಪ್ಲಗ್ ಸ್ಪಾನರ್ ಜೊತೆ ಡಿಕ್ಕಿಯಲ್ಲಿ ಇಟ್ಟಿದ್ದೇನೆ, ದೂರ ಹೋದಾಗ ಬೇಕಾಗಬಹುದು.