ತಾರೀಕು ಬರೆದ ಚೀಟಿ

ಸದಾಶಿವಗಡದ ನನ್ನ ಕ್ಲಿನಿಕ್ಕಿಗೆ ಗಂಟಲು ನೋವೆಂದು ಬರುವವರು ಕೇಳುವುದು ಹೆಚ್ಚಾಗಿ ಒಂದೇ: ‘ಡಾಕ್ಟ್ರೇ, ಆ ಮೂರು ದಿನದ ಮಾತ್ರೆ ಬರೀರಿ, ಸಾಕು.’ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್‌ನ ಹೆಸರು ಬಾಯಿಗೆ ಬರದವರಿಗೂ ಅದರ ಮಾತ್ರೆಪಟ್ಟಿಯ ಗುರುತಿದೆ.

ನಾನು ಟಾರ್ಚ್ ಹಿಡಿದು ನಾಲ್ಕು ಸಂಗತಿ ನೋಡುತ್ತೇನೆ. ಜ್ವರ ಇದೆಯೇ, ಟಾನ್ಸಿಲ್ ಮೇಲೆ ಬಿಳಿ ಕೀವು ಕೂತಿದೆಯೇ, ಕತ್ತಿನ ಮುಂದಿನ ಗಂಟು ಒತ್ತಿದರೆ ನೋಯುತ್ತದೆಯೇ, ಕೆಮ್ಮು ಇಲ್ಲದೆ ಬಂದ ನೋವೇ. ಒಂದೊಂದಕ್ಕೆ ಒಂದು ಅಂಕ. ಅಂಕ ಏರಿದಷ್ಟೂ ಅದು ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರುವ ಸಾಧ್ಯತೆ ಹೆಚ್ಚು. 3ರಿಂದ 14 ವರ್ಷದವರಿಗೆ ಒಂದು ಜಾಸ್ತಿ, 45 ತುಂಬಿದವರಿಗೆ ಒಂದು ಕಮ್ಮಿ. ಮೂಗು ಸೋರಿ ದನಿ ಕಟ್ಟಿದ್ದರೆ ಬಹುಪಾಲು ವೈರಸ್ಸೇ. ಪ್ಯಾರಾಸಿಟಮಾಲ್, ಉಪ್ಪುನೀರಿನ ಗಾರ್ಗಲ್ ಸಾಕು. ಮನೆಯ ಕಷಾಯಕ್ಕೂ ನನ್ನ ಅಡ್ಡಿಯಿಲ್ಲ.

ತಲೆನೋವು ನಡುವಿನವರದು, ಎರಡು ಮೂರು ಅಂಕದವರದು. ಅವರಿಗೆ ಎರಡು ಚೀಟಿ ಕೊಡುತ್ತೇನೆ. ಒಂದು ಇವತ್ತಿಗೆ. ಇನ್ನೊಂದರಲ್ಲಿ ಆಂಟಿಬಯೋಟಿಕ್, ಮೇಲೆ ಮೂರು ದಿನ ಮುಂದಿನ ತಾರೀಕು: ಅಷ್ಟರಲ್ಲಿ ಇಳಿಯದಿದ್ದರೆ ಮಾತ್ರ ಅಂಗಡಿಗೆ ಹೋಗಿ. ಔಷಧವಿಲ್ಲದೆಯೂ ಐವರಲ್ಲಿ ನಾಲ್ವರಿಗೆ ವಾರದೊಳಗೆ ವಾಸಿಯಾಗುತ್ತದೆ. ಆಂಟಿಬಯೋಟಿಕ್‌ನಿಂದ ನೋವು ಕಮ್ಮಿಯಾಗುವುದು ಒಂದು ದಿನದಷ್ಟೂ ಇಲ್ಲ. ಆಗಸ್ಟಿನಲ್ಲಿ ಮೀನುಗಾರಿಕೆಯ ಬೋಟು ಹೊರಟರೆ ಈ ಲೆಕ್ಕ ಸ್ವಲ್ಪ ಸಡಿಲ. ವಾರಗಟ್ಟಲೆ ಸಮುದ್ರದಲ್ಲಿರುವವನು ಮೂರನೇ ದಿನ ಯಾವ ಅಂಗಡಿಗೆ ಹೋದಾನು? ಮಾತ್ರೆ ಜೊತೆಗೇ ಇರಲಿ ಅನ್ನುತ್ತೇನೆ, ಆದರೆ ಪಟ್ಟಿಯ ಮೇಲೂ ತಾರೀಕು ಬರೆದು.

ಕಾಯಿಸಲು ನನಗೆ ಧೈರ್ಯ ಇರುವುದು ಒಂದೇ ಕಾರಣಕ್ಕೆ. ಸ್ಟ್ರೆಪ್ ಸೋಂಕಿನಲ್ಲಿ ನಾವು ನಿಜವಾಗಿ ಹೆದರುವುದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರಕ್ಕೆ. ಗಂಟಲು ನೋವು ಶುರುವಾಗಿ 9 ದಿನದೊಳಗೆ ಔಷಧ ಬಿದ್ದರೂ ಅದನ್ನು ತಡೆಯಬಹುದು. ಹಾಗಂತ 5ರಿಂದ 15ರ ಮಕ್ಕಳಲ್ಲಿ ಅಂಕ ಏರಿದ್ದರೆ ಕಾಯಿಸುವುದಿಲ್ಲ. ಅಲರ್ಜಿ ಕೇಳಿಕೊಂಡು, ಅಮಾಕ್ಸಿಸಿಲಿನ್, ಪೂರಾ 10 ದಿನ. ಈ ಸ್ಟ್ರೆಪ್ ಇಂದಿಗೂ ಪೆನ್ಸಿಲಿನ್‌ಗೆ ಬಗ್ಗುತ್ತದೆ. ಅಜಿತ್ರೋಗೆ ಎಲ್ಲ ಕಡೆ ಹಾಗಿಲ್ಲ. ಮಗು ಮೂರನೇ ದಿನ ಆಡಲು ಶುರುಮಾಡಿದ ಮೇಲೆ ಉಳಿದ ಏಳು ದಿನ ಕುಡಿಸುವುದೇ ತಾಯಂದಿರಿಗೆ ಕಷ್ಟ. ನನ್ನ ಮಾತೆಲ್ಲ ಖರ್ಚಾಗುವುದು ಅಲ್ಲೇ.

ಬಾಯಿ ತೆರೆಯಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರಿಗೆ ಸದ್ದಿದ್ದರೆ, ಗಂಟಲಲ್ಲಿ ಬೂದು ಪೊರೆ ಕಂಡರೆ ಅಂಕ ಎಣಿಸುತ್ತ ಕೂರುವುದಿಲ್ಲ, ನೇರ ಕಾರವಾರದ ದೊಡ್ಡಾಸ್ಪತ್ರೆಗೆ. ಹಿಂದೆ ರುಮ್ಯಾಟಿಕ್ ಜ್ವರ ಬಂದು ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತಗೊಳ್ಳುವ ಮಕ್ಕಳಿಗೂ ಈ ಎಣಿಕೆ ಇಲ್ಲ. ಅವರ ಗಂಟಲು ಕೆರೆದರೂ ಅದೇ ದಿನ ಕರೆತರಲು ಹೇಳಿದ್ದೇನೆ.